ನಿಂತ ಗಡಿಯಾರ ಮತ್ತೆ ನಡೆಯಬೇಕೆ?

ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿದಾಗ ಜಮೀನಿನ ಪತ್ರಗಳು, ಜರತಾರಿ ರುಮಾಲು, ಮಸಿ ಒಣಗಿದ ಪೆನ್ನುಗಳ ನಡುವೆ ಒಮ್ಮೊಮ್ಮೆ ಒಂದು ಜೇಬುಗಡಿಯಾರ ಸಿಗುವುದುಂಟು. ಗಾಜು ಒಡೆದಿರುತ್ತದೆ, ಒಂದು ಮುಳ್ಳು ಬಿದ್ದುಹೋಗಿರುತ್ತದೆ, ಬೆಳ್ಳಿಯ ಕವಚ ಕಪ್ಪಾಗಿರುತ್ತದೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಂದೆರಡು ಟಿಕ್ ಟಿಕ್ ಕೇಳಿ ಮತ್ತೆ ನಿಲ್ಲುತ್ತದೆ. ಅಷ್ಟು ಸಾಕು, ಮನೆಯಲ್ಲಿ ಚರ್ಚೆ ಆರಂಭವಾಗುತ್ತದೆ. ಅಕ್ಕಸಾಲಿಯ ಬಳಿ ಒಯ್ದರೆ ಅವನು ಬೆಳ್ಳಿಯ ತೂಕ ಹೇಳುತ್ತಾನೆ. ಗಡಿಯಾರ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ ‘ಇದರ ಸಾಮಾನು ಸಿಗೋದಿಲ್ಲ ಸ್ವಾಮಿ’ ಎಂದು ಮುಚ್ಚಳ ಮುಚ್ಚುತ್ತಾನೆ. ‘ಅದು ತಾತನದು, ಎಷ್ಟು ಖರ್ಚಾದರೂ ಓಡುವಂತೆ ಮಾಡಿಸಿ’ ಎನ್ನುವುದು ಮನೆಯ ಹಿರಿಯರ ಮಾತು. ಮೂವರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಆದರೆ ಮೂವರೂ ಕೇಳದ ಪ್ರಶ್ನೆಯೊಂದಿದೆ: ಈ ಗಡಿಯಾರದಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು? ಅದರ ಓಟವೋ, ಅದರ ಲೋಹವೋ, ಅದರ ಮೈಮೇಲೆ ಕಾಲ ಬಿಟ್ಟುಹೋಗಿರುವ ಗುರುತುಗಳೋ?

ಮೊದಲು ಕೆಟ್ಟಿರುವುದೇನು ಎಂಬುದನ್ನು ನೋಡೋಣ. ‘ಯಾರೋ ಹೆಚ್ಚು ಕೀಲಿ ಕೊಟ್ಟು ಕೆಡಿಸಿಬಿಟ್ಟರು’ ಎಂಬ ಮಾತು ನಿಂತ ಗಡಿಯಾರವಿರುವ ಎಲ್ಲ ಮನೆಗಳಲ್ಲೂ ಕೇಳಿಬರುತ್ತದೆ. ಬಹುಮಟ್ಟಿಗೆ ಇದು ಪಾಪ, ಯಾರ ಮೇಲೋ ಹೊರಿಸಿದ ಸುಳ್ಳು ಆಪಾದನೆ. ಹಳೆಯ ಗಡಿಯಾರಗಳಿಗೆ ಹಾಕುತ್ತಿದ್ದ ಎಣ್ಣೆ ವರ್ಷಗಳು ಕಳೆದಂತೆ ಜಿಡ್ಡುಗಟ್ಟಿ ಅಂಟಾಗುತ್ತದೆ. ಚಕ್ರಗಳು ತಿರುಗಲಾರದೆ ನಿಲ್ಲುತ್ತವೆ. ಆಗ ಕೀಲಿ ಕೊಟ್ಟರೆ ಸ್ಪ್ರಿಂಗು ಪೂರ್ತಿ ಸುತ್ತಿಕೊಂಡು ಹಾಗೆಯೇ ಉಳಿಯುತ್ತದೆ. ನೋಡುವವರಿಗೆ ಕೀಲಿ ಹೆಚ್ಚಾದಂತೆ ಕಾಣುತ್ತದೆ. ಇಂಥ ಗಡಿಯಾರವನ್ನು ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿದರೆ ಎಷ್ಟೋ ಸಲ ಎದ್ದು ನಡೆಯುತ್ತದೆ. ಬಿಚ್ಚದೆ ಅಲ್ಲಾಡಿಸಿ, ಸೂಜಿಯಿಂದ ತಳ್ಳಿ, ಮೇಲಿನಿಂದ ಎಣ್ಣೆ ಬಿಟ್ಟು ಓಡಿಸುವುದೇ ಅಪಾಯ. ಒಣಗಿದ ಎಣ್ಣೆಯಲ್ಲಿ ಸೇರಿಕೊಂಡ ಧೂಳು ಅರದಂತೆ ಉಜ್ಜಿ ಅಚ್ಚುಗಳ ತುದಿಯನ್ನು ತಿನ್ನುತ್ತದೆ. ಸಾಮಾನ್ಯ ಜೇಬುಗಡಿಯಾರದ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ 5 ಸಲ, ಅಂದರೆ ದಿನಕ್ಕೆ 4,32,000 ಸಲ ಹೊಡೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ ಸವೆತ ಎಷ್ಟು ಬೇಗ ಆಗಬಹುದೆಂದು ಊಹಿಸಬಹುದು.

ಬಿದ್ದು ಪೆಟ್ಟಾದ ಗಡಿಯಾರದ ಕಥೆ ಬೇರೆ. ಪೆಟ್ಟು ತಡೆಯುವ ವ್ಯವಸ್ಥೆಗಳು ಗಡಿಯಾರಗಳಲ್ಲಿ ಬಳಕೆಗೆ ಬಂದದ್ದು ಮುಖ್ಯವಾಗಿ 1930ರ ದಶಕದಿಂದೀಚೆಗೆ. ಅದಕ್ಕೂ ಹಿಂದಿನವು ಜೇಬಿನಿಂದ ಜಾರಿ ಕಲ್ಲುಚಪ್ಪಡಿಯ ಮೇಲೆ ಬಿದ್ದರೆ ಮೊದಲು ಮುರಿಯುತ್ತಿದ್ದುದು ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ. ಅದನ್ನು ಹೊಸದಾಗಿ ಕಡೆದು ಕೂರಿಸಬಹುದು, ಕಡೆಯಬಲ್ಲ ಕೈ ಸಿಕ್ಕಿದರೆ. ಎಲ್ಲಕ್ಕಿಂತ ಕೆಟ್ಟದ್ದು ನೀರು. ಹಿತ್ತಾಳೆ ಕಿಲುಬು ಹಿಡಿದರೂ ಒರೆಸಿದ ಮೇಲೆ ಉಳಿದುಕೊಳ್ಳುತ್ತದೆ. ಉಕ್ಕು ಹಾಗಲ್ಲ. ಕೂದಲೆಳೆಯಷ್ಟು ತೆಳ್ಳಗಿನ ಸುರುಳಿ ಸ್ಪ್ರಿಂಗಿಗೆ ತುಕ್ಕು ಹಿಡಿದರೆ ಅದರ ಬಿಗಿ ಬದಲಾಗಿ, ಗಡಿಯಾರ ಓಡಿದರೂ ಸಮಯ ಹೇಳುವುದಿಲ್ಲ.

ಇಲ್ಲಿ ಒಂದು ವಿಚಿತ್ರ ಎದುರಾಗುತ್ತದೆ. ರಿಪೇರಿಗೆ ಸುಲಭವಾಗಿ ಒಗ್ಗುವ ಗಡಿಯಾರಕ್ಕೆ ಬೆಲೆ ಕಡಿಮೆ. ಬೆಲೆಯುಳ್ಳದ್ದು ರಿಪೇರಿಗೆ ಒಗ್ಗುವುದಿಲ್ಲ. ಇದಕ್ಕೆ ಕಾರಣ ಅವುಗಳ ಹುಟ್ಟಿನಲ್ಲೇ ಇದೆ. ಹದಿನೆಂಟನೆಯ ಮತ್ತು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಗಡಿಯಾರವನ್ನು ಡಯಲ್ ಮೇಲೆ ಹೆಸರಿರುವ ಒಬ್ಬನೇ ಮಾಡುತ್ತಿರಲಿಲ್ಲ. ಹಲ್ಲುಚಕ್ರ ಕೊರೆಯುವವನೊಬ್ಬ, ಸ್ಪ್ರಿಂಗು ಮಾಡುವವನೊಬ್ಬ, ಮುಳ್ಳು ತಯಾರಿಸುವವನು ಮತ್ತೊಬ್ಬ. ಸ್ಪ್ರಿಂಗಿನ ಎಳೆತವನ್ನು ಒಂದೇ ಸಮನಾಗಿಸಲು ಶಂಕುವಿನ ಆಕಾರದ ಒಂದು ಚಕ್ರಕ್ಕೆ ಸುತ್ತುತ್ತಿದ್ದ ಸರಪಳಿ ಸೈಕಲ್ ಚೈನಿನ ಮರಿಯಂತಿರುತ್ತದೆ. ಅದರ ಕೊಂಡಿಗಳು ಬರಿಗಣ್ಣಿಗೆ ಕಾಣುವುದೇ ಕಷ್ಟ. ಆ ಸರಪಳಿಗಳನ್ನು ಇಂಗ್ಲೆಂಡಿನ ದಕ್ಷಿಣ ತೀರದ ಕ್ರೈಸ್ಟ್‌ಚರ್ಚ್ ಪಟ್ಟಣದಲ್ಲಿ ಹೆಂಗಸರೂ ಮಕ್ಕಳೂ ಕೂತು ಪೋಣಿಸುತ್ತಿದ್ದರು. ಕೊನೆಗೆ ಎಲ್ಲವನ್ನೂ ಅರ ಹಾಕಿ, ಆ ಒಂದು ಗಡಿಯಾರಕ್ಕೆ ಮಾತ್ರ ಹೊಂದುವಂತೆ ಕೂಡಿಸುತ್ತಿದ್ದರು. ಹೀಗಾಗಿ ಅದರ ಒಂದು ಚಕ್ರ ಕಳೆದರೆ ಇನ್ನೊಂದು ಗಡಿಯಾರದ ಚಕ್ರ ಕೂರುವುದಿಲ್ಲ. ಮತ್ತೆ ಕೈಯಿಂದಲೇ ಮಾಡಬೇಕು.

ಅಮೆರಿಕದ ಮಸಾಚುಸೆಟ್ಸಿನ ವಾಲ್‌ಥಾಮ್‌ನಲ್ಲಿ 1850ರ ದಶಕದಲ್ಲಿ ಎದ್ದ ಕಾರ್ಖಾನೆ ಈ ಕ್ರಮವನ್ನೇ ಬುಡಮೇಲು ಮಾಡಿತು. ಯಂತ್ರಗಳಿಂದ ಒಂದೇ ಅಳತೆಯ ಭಾಗಗಳನ್ನು ಎರಕ ಹೊಯ್ದಂತೆ ತಯಾರಿಸಿ, ಒಂದರದು ಇನ್ನೊಂದಕ್ಕೆ ಕೂರುವಂತೆ ಮಾಡುವುದು ಅದರ ಗುರಿ. ಆ ಕಾರ್ಖಾನೆಯಿಂದ ಹೊರಬಂದ ಗಡಿಯಾರಗಳು ಮೂರು ಕೋಟಿಗೂ ಹೆಚ್ಚು. ಯಂತ್ರದ ಮೇಲೆ ಕೊರೆದಿರುವ ಕ್ರಮಸಂಖ್ಯೆಯಿಂದ ಅದರ ದರ್ಜೆಯನ್ನೂ ಹೆಚ್ಚುಕಡಿಮೆ ತಯಾರಾದ ವರ್ಷವನ್ನೂ ತಿಳಿಯಬಹುದು. ಕೆಟ್ಟ ಭಾಗಕ್ಕೆ ಬದಲಿಯನ್ನು ಇನ್ನೊಂದು ಕೆಟ್ಟ ವಾಲ್‌ಥಾಮ್‌ನಿಂದ ತೆಗೆಯಬಹುದು. ಆದರೆ ಅಷ್ಟು ಸಂಖ್ಯೆಯಲ್ಲಿ ಇರುವ ವಸ್ತುವಿಗೆ ಮಾರುಕಟ್ಟೆ ಎಷ್ಟು ಕೊಟ್ಟೀತು? ಮಾಮೂಲಿ ದರ್ಜೆಯದಾದರೆ ರಿಪೇರಿಯ ಖರ್ಚು ಅದರ ಬೆಲೆಯನ್ನು ಮೀರುವುದು ಸಾಮಾನ್ಯ.

ಇನ್ನೂ ಕೆಳಗಿನ ಮೆಟ್ಟಿಲಿನಲ್ಲಿ ಬಡವರ ಗಡಿಯಾರಗಳಿವೆ. ಸ್ವಿಟ್ಜರ್ಲೆಂಡಿನಲ್ಲಿ ಜಾರ್ಜ್ ಫ್ರೆಡರಿಕ್ ರಾಸ್ಕಾಫ್ ಎಂಬಾತ 1867ರಲ್ಲಿ ಕೂಲಿಕಾರನೂ ಕೊಳ್ಳಬಹುದಾದ ಗಡಿಯಾರವನ್ನು ಹೊರತಂದ. ಬೆಲೆ 20 ಫ್ರಾಂಕ್. 1896ರಲ್ಲಿ ಅಮೆರಿಕದ ಇಂಗರ್‌ಸಾಲ್ ಕಂಪೆನಿ ಒಂದೇ ಡಾಲರಿಗೆ ಗಡಿಯಾರ ಮಾರಿತು. ಉಜ್ಜುವ ಕಡೆ ಮಾಣಿಕ್ಯದ ಹರಳಿಲ್ಲ, ನಯಗಾರಿಕೆ ಇಲ್ಲ. ಸವೆದಾಗ ಎಸೆದು ಹೊಸದು ಕೊಳ್ಳಲಿ ಎಂಬ ಲೆಕ್ಕಾಚಾರದಲ್ಲೇ ಹುಟ್ಟಿದ ವಸ್ತು. ಕಸುಬುದಾರನ ದೃಷ್ಟಿಯಲ್ಲಿ ಇದನ್ನು ರಿಪೇರಿ ಮಾಡುವುದು ಹುಚ್ಚುತನ.

ಆದರೆ ಗಾಂಧೀಜಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಗಡಿಯಾರಗಳಲ್ಲಿ ಈ ಡಾಲರ್ ಗಡಿಯಾರವೂ ಒಂದು! ಅದಕ್ಕೆ ರಾಸ್ಕಾಫನ ಲೆಕ್ಕವೂ ಇಲ್ಲ, ಅಕ್ಕಸಾಲಿಯ ತಕ್ಕಡಿಯೂ ಇಲ್ಲ. ಗಾಂಧೀಜಿಯ ಇನ್ನೊಂದು ಜೇಬುಗಡಿಯಾರವನ್ನು, ಅದು ಜೆನಿತ್ ಕಂಪೆನಿಯದು, ಅವರ ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆಗಳೊಂದಿಗೆ 2009ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗಿಟ್ಟಾಗ ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ 18 ಲಕ್ಷ ಡಾಲರಿಗೆ ಕೂಗಿದರು. ಗಡಿಯಾರ ಸರಿಯಾಗಿ ಓಡುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ಯಾರಿಗೂ ಮುಖ್ಯವಾಗಲಿಲ್ಲ. ಯಾರ ಸೊಂಟದಲ್ಲಿತ್ತು ಎಂಬುದೇ ಬೆಲೆ. ಪ್ರತಿ ಮನೆಯ ಟ್ರಂಕಿನಲ್ಲೂ ಇದೇ ನ್ಯಾಯ ಚಿಕ್ಕ ಪ್ರಮಾಣದಲ್ಲಿ ನಡೆಯುತ್ತದೆ. ಸ್ಟೇಷನ್ ಮಾಸ್ತರರಾಗಿದ್ದ ತಾತ ರೈಲು ಬಿಡುವ ಮುನ್ನ ನೋಡಿಕೊಳ್ಳುತ್ತಿದ್ದ ಗಡಿಯಾರ ಹರಾಜಿನವನಿಗೆ ಏನೂ ಅಲ್ಲದಿರಬಹುದು. ಭಾರತದಲ್ಲಿ ಒಂದೇ ಅಧಿಕೃತ ವೇಳೆ ಜಾರಿಗೆ ಬಂದದ್ದು 1906ರಲ್ಲಿ. ಆಮೇಲೂ ಮುಂಬಯಿ, ಕಲ್ಕತ್ತಗಳು ದಶಕಗಟ್ಟಲೆ ತಮ್ಮದೇ ವೇಳೆ ಇಟ್ಟುಕೊಂಡಿದ್ದವು. ಅಂಥ ಕಾಲದಲ್ಲಿ ಊರಿಗೆಲ್ಲ ‘ರೈಲ್ವೆ ಟೈಮು’ ತಂದುಕೊಟ್ಟದ್ದು ಇಂಥ ಗಡಿಯಾರಗಳೇ.

ಓಡಿಸುವ ನಿರ್ಧಾರವಾದ ಮೇಲೂ ಆತುರ ಸಲ್ಲದು. ಹೆಚ್ಚಿನ ಹಾನಿ ಆಗುವುದು ಯಂತ್ರಕ್ಕಲ್ಲ, ಮೈಗೆ. ಹಳೆಯ ಕವಚದ ಒಳಮೈಯಲ್ಲಿ ಚಿಕ್ಕ ಮುದ್ರೆಗಳಿರುತ್ತವೆ. ಇಂಗ್ಲಿಷ್ ಕವಚವಾದರೆ ಲೋಹದ ಶುದ್ಧತೆ, ಪರೀಕ್ಷೆ ನಡೆದ ಊರು, ಅಕ್ಷರವೊಂದರ ರೂಪದಲ್ಲಿ ವರ್ಷ, ಎಲ್ಲವೂ ಅಲ್ಲಿ ದಾಖಲಾಗಿರುತ್ತವೆ. ಅದರ ಪಕ್ಕದಲ್ಲಿ ಸೂಜಿಮೊನೆಯಿಂದ ಗೀಚಿದ ಅಂಕಿಗಳು, ಹೆಸರಿನ ಮೊದಲಕ್ಷರಗಳು ಕಾಣಬಹುದು. ಅವು ಹಿಂದೆ ರಿಪೇರಿ ಮಾಡಿದವರು ತಮ್ಮ ನೆನಪಿಗೆ ಗೀಚಿಟ್ಟ ಗುರುತುಗಳು. ‘ಹೊಸದರ ಹಾಗೆ ಹೊಳೆಯಲಿ’ ಎಂದು ಪಾಲಿಷ್ ಯಂತ್ರಕ್ಕೆ ಒಡ್ಡಿದರೆ ಐದು ನಿಮಿಷದಲ್ಲಿ ನೂರು ವರ್ಷದ ದಫ್ತರ ಅಳಿಸಿಹೋಗುತ್ತದೆ. ಡಯಲಿನ ಗತಿಯೂ ಅದೇ. ಎನಾಮೆಲ್ ಡಯಲಿನ ಮೇಲಿನ ಕೂದಲಿನಂಥ ಬಿರುಕು ಸಹಜವಾದ ವಯಸ್ಸಿನ ಗುರುತು. ಅದನ್ನು ಮುಚ್ಚಲು ಅಂಕಿಗಳನ್ನು ಹೊಸದಾಗಿ ಬರೆಸಿದರೆ ಬಲ್ಲವರು ದೂರದಿಂದಲೇ ಗುರುತಿಸಿ ಬೆಲೆ ಇಳಿಸುತ್ತಾರೆ.

ಹೇಳಲೇಬೇಕಾದ ಎಚ್ಚರಿಕೆಯೂ ಒಂದಿದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದ, ಕತ್ತಲೆಯಲ್ಲಿ ಹೊಳೆಯುತ್ತಿದ್ದ ಡಯಲುಗಳಿಗೆ ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಅಮೆರಿಕದ ಕಾರ್ಖಾನೆಗಳಲ್ಲಿ ಆ ಬಣ್ಣದ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದ ಹುಡುಗಿಯರು ದವಡೆ ಕೊಳೆತು ಸತ್ತದ್ದು 1920ರ ದಶಕದ ದೊಡ್ಡ ದುರಂತ. ಹೊಳಪು ಈಗ ಇಲ್ಲದಿರಬಹುದು, ಆದರೆ ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಅಂಥ ಡಯಲನ್ನು ಮನೆಯಲ್ಲಿ ಬಿಚ್ಚಿ ಕೆರೆಯುವುದು ಯಾವ ಕಾರಣಕ್ಕೂ ಕೂಡದು.

ಕೆಟ್ಟ ಗಡಿಯಾರವನ್ನು ಎಬ್ಬಿಸಬೇಕೆ, ಎಬ್ಬಿಸಿದರೆ ಏನು ಸಿಗುತ್ತದೆ, ಏನು ಕಳೆಯುತ್ತದೆ ಎಂಬ ಪ್ರಶ್ನೆಗೆ ಚರಿತ್ರೆಯಲ್ಲಿ ಸಿಗುವ ಅತಿ ದೊಡ್ಡ ಉದಾಹರಣೆ ಲಂಡನ್ ಬಳಿಯ ಗ್ರೀನಿಚ್‌ನಲ್ಲಿದೆ.

1920ರಲ್ಲಿ ರೂಪರ್ಟ್ ಗೂಲ್ಡ್ ಎಂಬ ನೌಕಾಪಡೆಯ ಯುವ ಅಧಿಕಾರಿ ಅಲ್ಲಿನ ರಾಯಲ್ ಅಬ್ಸರ್ವೇಟರಿಯಲ್ಲಿ ನಾಲ್ಕು ಹಳೆಯ ಯಂತ್ರಗಳನ್ನು ನೋಡಿದ. ಎಲ್ಲವೂ ಧೂಳು ತಿಂದು, ಕಿಲುಬುಗಟ್ಟಿ, ಅಂಗಹೀನವಾಗಿದ್ದವು. ಎಲ್ಲಕ್ಕಿಂತ ಹಳೆಯದಂತೂ ಮುಳುಗಿದ ಹಡಗಿನೊಂದಿಗೆ ಸಮುದ್ರದ ತಳ ಸೇರಿ ಮೇಲೆದ್ದು ಬಂದಂತೆ ಕಾಣುತ್ತಿತ್ತು. ಅವು ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗ ತನ್ನ ಆಯುಷ್ಯವನ್ನೇ ತೇದು ಮಾಡಿದ್ದ ಗಡಿಯಾರಗಳು.

ಹ್ಯಾರಿಸನ್ನನ ಕಥೆ ಬಹಳ ಮಂದಿಗೆ ಗೊತ್ತಿರುವಂಥದು. ನಡುಗಡಲಿನಲ್ಲಿ ಹಡಗು ಎಷ್ಟು ಪೂರ್ವಕ್ಕೆ, ಎಷ್ಟು ಪಶ್ಚಿಮಕ್ಕೆ ಇದೆ ಎಂದು ತಿಳಿಯಲು, ಅಂದರೆ ರೇಖಾಂಶ ತಿಳಿಯಲು, ಹೊರಟ ಬಂದರಿನ ವೇಳೆ ಕೈಯಲ್ಲಿರಬೇಕು. ಭೂಮಿ 4 ನಿಮಿಷಕ್ಕೆ ಒಂದು ಡಿಗ್ರಿ ತಿರುಗುವುದರಿಂದ ಗಡಿಯಾರದ 4 ನಿಮಿಷದ ತಪ್ಪು ಸಮಭಾಜಕ ವೃತ್ತದ ಬಳಿ 111 ಕಿಲೋಮೀಟರಿನ ತಪ್ಪಾಗುತ್ತದೆ. ಇದಕ್ಕೆ ಪರಿಹಾರ ಕಂಡುಹಿಡಿದವರಿಗೆ 20,000 ಪೌಂಡುಗಳವರೆಗೆ ಬಹುಮಾನವೆಂದು ಬ್ರಿಟಿಷ್ ಸಂಸತ್ತು 1714ರಲ್ಲಿ ಕಾನೂನು ಮಾಡಿತು. ಹ್ಯಾರಿಸನ್ ಕಟ್ಟಿದ ಮೊದಲ ಯಂತ್ರ 34 ಕಿಲೋ ತೂಗುತ್ತಿತ್ತು. ಎರಡನೆಯದರಲ್ಲಿ ಅವನೇ ತಪ್ಪು ಕಂಡು ಕೈಬಿಟ್ಟ. ಮೂರನೆಯದಕ್ಕೆ 19 ವರ್ಷ ಹಿಡಿಯಿತು. ಕೊನೆಗೆ 1759ರಲ್ಲಿ ಮುಗಿದ ನಾಲ್ಕನೆಯದು ಹಿಂದಿನವನ್ನೆಲ್ಲ ಅಣಕಿಸುವಂತಿತ್ತು. ಸುಮಾರು 13 ಸೆಂಟಿಮೀಟರ್ ಅಗಲದ, ದಪ್ಪ ಜೇಬುಗಡಿಯಾರದ ರೂಪ ಅದರದು. 1761ರಲ್ಲಿ ಹೊರಟು ಜಮೈಕಾ ತಲುಪಿದ ಹಡಗಿನಲ್ಲಿ 81 ದಿನಗಳ ಬಳಿಕ ಅದರಲ್ಲಿ ಕಂಡ ವ್ಯತ್ಯಾಸ ಕೇವಲ 5 ಸೆಕೆಂಡು.

ಬಹುಮಾನದ ಜಗಳ ಮಾತ್ರ ಮುಗಿಯಲಿಲ್ಲ. 1766ರಲ್ಲಿ ಆಸ್ಥಾನ ಖಗೋಳಜ್ಞ ನೆವಿಲ್ ಮಾಸ್ಕೆಲಿನ್ ಹ್ಯಾರಿಸನ್ನನ ಮನೆಗೆ ಬಂದು ಮೊದಲ ಮೂರು ಯಂತ್ರಗಳನ್ನು ವಶಪಡಿಸಿಕೊಂಡ. ಆಳುಗಳು ಹೊತ್ತು ತರುವಾಗ ಮೊದಲನೆಯದು ಕೆಳಗೆ ಬಿತ್ತು. ಉಳಿದವನ್ನು ಸ್ಪ್ರಿಂಗಿಲ್ಲದ ಗಾಡಿಯಲ್ಲಿ ಹೇರಿ ಲಂಡನ್ನಿನ ಕಲ್ಲುಬೀದಿಗಳಲ್ಲಿ ಕುಲುಕಾಡಿಸಿಕೊಂಡು ಗ್ರೀನಿಚ್‌ಗೆ ಒಯ್ದರು. ಅಪೂರ್ವ ವಸ್ತುಗಳು ಹಾಳಾಗುವುದಕ್ಕೆ ಕಳ್ಳರೋ ಬೆಂಕಿಯೋ ಬೇಕಿಲ್ಲ. ಒಂದು ಸರ್ಕಾರಿ ಸಾಗಾಣಿಕೆ ಸಾಕು ಎನ್ನಿಸುತ್ತದೆ.

ಗೂಲ್ಡ್‌ಗೆ ಗಡಿಯಾರ ಕೆಲಸದ ತರಬೇತಿ ಇರಲಿಲ್ಲ. 1914ರಲ್ಲಿ ಯುದ್ಧ ಆರಂಭವಾದಾಗ ಮನಸ್ಸಿನ ಸ್ಥಿಮಿತ ಕಳೆದುಕೊಂಡು, ಚೇತರಿಸಿಕೊಂಡು, ನೌಕಾಪಡೆಯ ನಕ್ಷೆ ವಿಭಾಗದಲ್ಲಿ ಕೂತಿದ್ದವನು. ಇವನಿಗೆ ಯಂತ್ರಗಳನ್ನು ಮುಟ್ಟಲು ಅಂದಿನ ಆಸ್ಥಾನ ಖಗೋಳಜ್ಞ ಫ್ರಾಂಕ್ ಡೈಸನ್ ಅನುಮತಿ ಕೊಟ್ಟದ್ದು ಇಂದಿಗೆ ನಂಬಲಾಗದ ಧೈರ್ಯ. ಸಂಬಳ ಕೇಳದೆ ಗೂಲ್ಡ್ ಕೆಲಸಕ್ಕೆ ಕೂತ. ಮೊದಲ ಯಂತ್ರದಿಂದ ಟೋಪಿ ಒರೆಸುವ ಕುಂಚದಲ್ಲೇ ಎರಡು ಔನ್ಸು ಕೊಳೆ ಮತ್ತು ಕಿಲುಬನ್ನು ಉದುರಿಸಿದ. 753 ಭಾಗಗಳಿದ್ದ ಮೂರನೆಯದು ಅವನ ಏಳು ವರ್ಷಗಳನ್ನು ನುಂಗಿತು. ನಡುವೆ 1927ರಲ್ಲಿ ದಾಂಪತ್ಯ ನ್ಯಾಯಾಲಯದ ಮೆಟ್ಟಿಲೇರಿ ಮುರಿಯಿತು. ಮನೆ ಹೋಯಿತು, ಮಕ್ಕಳಿಂದ ದೂರವಾದ, ನೌಕಾಪಡೆಯ ಕೆಲಸವೂ ಹೋಯಿತು. ಗಡಿಯಾರಗಳನ್ನು ಬಿಡಲಿಲ್ಲ. ಕಡೆಗೆ ಮೊದಲ ಯಂತ್ರದತ್ತ ಮರಳಿ, ಕಾಣೆಯಾಗಿದ್ದ ಭಾಗಗಳು ಹೇಗಿದ್ದಿರಬೇಕೆಂದು ಉಳಿದ ಭಾಗಗಳಿಂದಲೇ ತರ್ಕಿಸಿ ಅವನ್ನು ಕೂಡಿಸಿದ. 1933ರ ಫೆಬ್ರವರಿ 1ರಂದು ಆ ಯಂತ್ರ ನಡೆಯಿತು. ಅದು ಅದಕ್ಕೂ ಮೊದಲು ಕೊನೆಯ ಸಲ ನಡೆದದ್ದು 1767ರ ಜೂನ್ ತಿಂಗಳಲ್ಲಿ.

ಈ ಹದಿಮೂರು ವರ್ಷಗಳ ದುಡಿಮೆ ವ್ಯರ್ಥವಾಯಿತೆಂದು ಯಾರೂ ಹೇಳಲಾರರು. ಗೂಲ್ಡ್ ಬಿಚ್ಚದಿದ್ದರೆ ಹ್ಯಾರಿಸನ್ನನ ಯೋಚನೆ ಹೇಗೆ ಸಾಗಿತೆಂಬುದು ಅಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಇಂದು ಎಲ್ಲರೂ ಬಳಸುವ ಎಚ್-1, ಎಚ್-2 ಎಂಬ ಹೆಸರುಗಳೂ ಅವನು ಕೊಟ್ಟವೇ. ಆದರೆ ಗೂಲ್ಡ್‌ನ ಕೆಲಸವನ್ನು ಅದೇ ರೀತಿಯಲ್ಲಿ ಮಾಡಲು ಇಂದು ಯಾವ ವಸ್ತುಸಂಗ್ರಹಾಲಯವೂ ಬಿಡುವುದಿಲ್ಲ. ಮೂಲಕ್ಕೆ ಆದಷ್ಟು ಕಡಿಮೆ ಕೈಹಾಕಬೇಕು, ಮಾಡಿದ್ದನ್ನು ಮುಂದೆ ಬೇಕಾದರೆ ತೆಗೆದುಹಾಕುವಂತಿರಬೇಕು, ಹಳೆಯದು ಯಾವುದು ಹೊಸದು ಯಾವುದು ಎಂದು ಬೇರ್ಪಡಿಸಿ ತೋರುವಂತಿರಬೇಕು ಎಂಬುದು ಈಗಿನ ನಿಯಮ. ಗೂಲ್ಡ್‌ನನ್ನು ಈ ಮಾತಿನಲ್ಲಿ ಕಾಪಾಡುವುದು ಅವನು ತುಂಬಿಸಿಟ್ಟ 18 ನೋಟುಪುಸ್ತಕಗಳು. ಪ್ರತಿಯೊಂದು ತಿರುಪನ್ನೂ ಚಿತ್ರ ಬರೆದು, ತಾನು ಮಾಡಿದ್ದನ್ನು ಬರೆದಿಟ್ಟ. ಚಿಕ್ಕ ಪೇಟೆಯ ರಿಪೇರಿಯವನು ಕವಚದೊಳಗೆ ಗೀಚಿದ ಎರಡಕ್ಷರದ ಕೆಲಸವನ್ನೇ ಅವನು ದೊಡ್ಡದಾಗಿ ಮಾಡಿದ್ದ.

ಎಂದೆಂದೂ ಓಡಬಾರದ ಗಡಿಯಾರಗಳೂ ಇವೆ. ಜಪಾನಿನ ಹಿರೋಷಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಒಂದು ಜೇಬುಗಡಿಯಾರವಿದೆ. 59 ವರ್ಷದ ಒಬ್ಬ ತಂದೆಗೆ ಮಗ ಕೊಟ್ಟಿದ್ದ ಉಡುಗೊರೆ ಅದು. 1945ರ ಆಗಸ್ಟ್ 6ರ ಬೆಳಿಗ್ಗೆ ಆ ವ್ಯಕ್ತಿಯ ಜೇಬಿನಲ್ಲಿತ್ತು. ತೀವ್ರವಾಗಿ ಸುಟ್ಟುಹೋದ ಅವರು ಅದೇ ತಿಂಗಳ 22ರಂದು ತೀರಿಕೊಂಡರು. ಗಾಜು ಹೋಗಿದೆ, ಮೈ ಸುಟ್ಟಿದೆ, ವೇಳೆ 8 ಗಂಟೆ 15 ನಿಮಿಷಕ್ಕೆ ನಿಂತಿದೆ. 1975ರಲ್ಲಿ ಮಗನೇ ಅದನ್ನು ಸಂಗ್ರಹಾಲಯಕ್ಕೆ ಒಪ್ಪಿಸಿದ. ಆ ಗಡಿಯಾರದ ತುಕ್ಕು ತೆಗೆಯುವುದೆಂದರೆ ಸಾಕ್ಷಿಯ ಬಾಯಿ ಮುಚ್ಚಿಸಿದಂತೆ. ಹಾಗೆಂದು ಎಲ್ಲ ತುಕ್ಕೂ ಸಾಕ್ಷಿಯಲ್ಲ. ಸೋರುವ ಅಟ್ಟದಲ್ಲಿ ಹಿಡಿದ ತುಕ್ಕು ಸೋರುವ ಅಟ್ಟವನ್ನಷ್ಟೇ ಹೇಳುತ್ತದೆ. ಅಂಥ ತುಕ್ಕನ್ನು ಧಾರಾಳವಾಗಿ ತೆಗೆಸಬಹುದು, ತೆಗೆಸಲೂಬೇಕು. ಬಿಟ್ಟರೆ ಅದು ಬೆಳೆಯುತ್ತಲೇ ಹೋಗುತ್ತದೆ.

ತೆಗೆಯುವ ಕೈಗಳೇ ಕಡಿಮೆಯಾಗುತ್ತಿವೆ ಎಂಬುದು ಈಗಿನ ತೊಡಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಆರಂಭವಾದಾಗ ಕೀಲಿ ಕೊಡುವ ಗಡಿಯಾರವನ್ನು ಬಿಚ್ಚಿ ಕೂಡಿಸಬಲ್ಲವರ ಒಂದು ಪೀಳಿಗೆಯೇ ಈ ನಾಡಿನಲ್ಲಿ ತಯಾರಾಯಿತು. ಬ್ಯಾಟರಿಯ ಕ್ವಾರ್ಟ್ಜ್ ಗಡಿಯಾರಗಳು ಬಂದು ಆ ವಿದ್ಯೆಗೆ ಗಿರಾಕಿ ಕಡಿಮೆಯಾದರು. ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆದ್ದರಿಂದ ಒಳ್ಳೆಯ ಕೈ ಸಿಗುವವರೆಗೆ ಗಡಿಯಾರವನ್ನು ಒಣ ಬಟ್ಟೆಯಲ್ಲಿ ಸುತ್ತಿ, ಕೀಲಿ ಕೊಡದೆ, ಅದು ಯಾರದು, ಎಲ್ಲಿಂದ ಬಂತು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟು ಕಾಯುವುದೂ ಒಂದು ನಿರ್ಧಾರವೇ.

ಗ್ರೀನಿಚ್‌ನ ಹ್ಯಾರಿಸನ್ ಗಡಿಯಾರಗಳ ವಿಷಯದಲ್ಲಿ ಆಗಿರುವ ತೀರ್ಮಾನವೂ ಒಂದೇ ಬಗೆಯದಲ್ಲ. ಬಡಗಿಯಾಗಿದ್ದ ಹ್ಯಾರಿಸನ್ ಮೊದಲ ಮೂರು ಯಂತ್ರಗಳಲ್ಲಿ ತನ್ನಷ್ಟಕ್ಕೇ ಜಿಡ್ಡು ಬಿಡುವ ಲಿಗ್ನಂ ವೈಟೆ ಎಂಬ ಮರವನ್ನೂ ಉಜ್ಜಾಟ ಕಳೆಯುವ ಉರುಳೆಗಳನ್ನೂ ಬಳಸಿದ್ದ. ಅವಕ್ಕೆ ಎಣ್ಣೆ ಬೇಡ. ನಾಲ್ಕನೆಯದು ಚಿಕ್ಕದು, ವೇಗದ್ದು, ಎಣ್ಣೆಯಿಲ್ಲದೆ ನಡೆಯದು. ಅದನ್ನು ಓಡಿಸಿದಷ್ಟೂ ಅದು ಸವೆಯುತ್ತದೆ. ಓಡುವ ಎಚ್-4 ಹೇಗಿರುತ್ತದೆಂದು ತಿಳಿಯಲು ಡೆರೆಕ್ ಪ್ರಾಟ್ ಎಂಬ ಕುಶಲಿ ಮೊದಲಿನಿಂದ ಅಂಥದೇ ಇನ್ನೊಂದನ್ನು ಕಟ್ಟತೊಡಗಿದ. ಅವನ ಬಳಿಕ ಲಂಡನ್ನಿನ ಹಳೆಯ ಗಡಿಯಾರ ಸಂಸ್ಥೆಯೊಂದು ಅದನ್ನು ಮುಗಿಸಿತು. ಮೂಲವನ್ನು ಮುಟ್ಟಲಿಲ್ಲ. ಎಚ್-1, ಎಚ್-2, ಎಚ್-3ಗಳಿಗೆ ಸಂಗ್ರಹಾಲಯದ ಸಿಬ್ಬಂದಿ ಕೀಲಿ ಕೊಡುತ್ತಾರೆ. ಅವು ತೂಗಾಡುತ್ತ ನಡೆಯುತ್ತವೆ. ಅವುಗಳ ಪಕ್ಕದಲ್ಲಿ, ಕೀಲಿ ಕೊಟ್ಟರೆ ಓಡಬಲ್ಲ ಎಚ್-4 ಗಾಜಿನೊಳಗೆ ಸುಮ್ಮನೆ ನಿಂತಿದೆ.